ದುಬೈಗೆ ಹೊರಟ ತಮ್ಮನ ಫೋನಿನಲ್ಲಿ ಯಾವ ಯಾವ ನಂಬರ್ ಇರಬೇಕು?

ಪ್ರಶ್ನೆ: ನಾನು ಕುಂದಾಪುರದವನು. ಸಣ್ಣದೊಂದು ಗೋಡಂಬಿ ಕಾರ್ಖಾನೆ ಇದೆ. ನನ್ನ ತಮ್ಮ ಬಿ.ಕಾಂ. ಮುಗಿಸಿ ಮುಂದಿನ ತಿಂಗಳು ದುಬೈಗೆ ಅಕೌಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಾನೆ. ಅಲ್ಲಿ ನಮಗೆ ಹತ್ತಿರದವರು ಯಾರೂ ಇಲ್ಲ. ಅಮ್ಮನಿಗೆ ಅದೇ ಚಿಂತೆ. ಪೊಲೀಸ್, ಆಂಬುಲೆನ್ಸ್, ನಮ್ಮ ದೇಶದ ಕಚೇರಿ, ಲೇಬರ್ ಕಚೇರಿ ಇವುಗಳ ನಂಬರ್ ಪಟ್ಟಿ ಮಾಡಿ ಕೊಡುತ್ತೀರಾ? ಇನ್ನೊಂದು ವಿಷಯ. ದುಬೈನ ದೇರಾದಲ್ಲಿರುವ ಒಬ್ಬ ವ್ಯಾಪಾರಿ ನಮ್ಮ ಗೋಡಂಬಿ ಬೇಕು ಅಂತ ಕೇಳುತ್ತಿದ್ದಾನೆ. ಅವನು ನಂಬಿಕಸ್ಥನೋ ಅಲ್ಲವೋ ಅಂತ ಎಲ್ಲಿ ವಿಚಾರಿಸಬೇಕು?

ಉತ್ತರ: ನಂಬರ್‌ಗಳನ್ನು ಖಂಡಿತ ಕೊಡುತ್ತೇನೆ. ಆದರೆ ಇಲ್ಲಿ ದುಬೈನಲ್ಲಿ ಕಂಪನಿಗಳ ಲೇಬರ್ ಕಾಗದಪತ್ರದ ಕೆಲಸ ಮಾಡಿದ ನನಗೆ ಒಂದು ಮಾತು ಮೊದಲೇ ಹೇಳಬೇಕು ಅನಿಸುತ್ತದೆ. ದುಬೈನಲ್ಲಿ ನಂಬರ್ ಸಿಗದೆ ಕಷ್ಟಪಟ್ಟವರು ಕಡಿಮೆ. ತಪ್ಪು ಬಾಗಿಲು ತಟ್ಟಿ ವಾರಗಟ್ಟಲೆ ಕಳೆದುಕೊಂಡವರೇ ಜಾಸ್ತಿ. ಸಂಬಳ ಬಂದಿಲ್ಲ ಅಂತ ಪೊಲೀಸ್ ಠಾಣೆಗೆ ಹೋಗುತ್ತಾರೆ. ಬಾಡಿಗೆ ಜಗಳಕ್ಕೆ ಭಾರತದ ದೂತಾವಾಸಕ್ಕೆ ಫೋನ್ ಮಾಡುತ್ತಾರೆ. ಎಲ್ಲರೂ ಮರ್ಯಾದೆಯಿಂದಲೇ ಕೇಳಿಸಿಕೊಂಡು, "ಇದು ನಮ್ಮದಲ್ಲ, ಅಲ್ಲಿ ಹೋಗಿ" ಅನ್ನುತ್ತಾರೆ. ಅಷ್ಟರಲ್ಲಿ ವೀಸಾದ ಗಡುವು ಮುಗಿಯುತ್ತಾ ಬಂದಿರುತ್ತದೆ. ಹಾಗಾಗಿ ಯಾವ ವಿಷಯ ಯಾರ ವ್ಯಾಪ್ತಿಗೆ ಬರುತ್ತದೆ ಅನ್ನುವುದನ್ನು ನಿಮ್ಮ ತಮ್ಮ ತಿಳಿದುಕೊಂಡು ಹೋದರೆ ಅರ್ಧ ಕೆಲಸ ಮುಗಿಯಿತು.

ಯುಎಇ ಏಳು ಎಮಿರೇಟ್‌ಗಳ ಒಕ್ಕೂಟ. ಅಬುಧಾಬಿ, ದುಬೈ, ಶಾರ್ಜಾ, ಅಜ್ಮಾನ್, ಉಮ್ಮುಲ್ ಕುವೈನ್, ರಾಸ್ ಅಲ್ ಖೈಮಾ, ಫುಜೈರಾ. ಕಾರ್ಮಿಕ ಕಾನೂನು, ತೆರಿಗೆ ಇವೆಲ್ಲ ಒಕ್ಕೂಟ ಸರ್ಕಾರದ ಕೈಯಲ್ಲಿವೆ. ಮನೆ ಬಾಡಿಗೆ, ವ್ಯಾಪಾರದ ಲೈಸೆನ್ಸ್, ಕರೆಂಟು-ನೀರು ಇವು ಆಯಾ ಎಮಿರೇಟ್‌ಗೆ ಸೇರಿದ್ದು. ವೀಸಾದಲ್ಲಿ ಇನ್ನೊಂದು ವ್ಯತ್ಯಾಸ ಇದೆ. ದುಬೈ ವೀಸಾ ಆದರೆ ಜಿಡಿಆರ್‌ಎಫ್‌ಎ ಎಂಬ ದುಬೈನದೇ ಇಲಾಖೆ ನೋಡಿಕೊಳ್ಳುತ್ತದೆ. ಅವರ ಸಹಾಯವಾಣಿ ಅಮರ್, ನಂಬರ್ 800 5111. ಉಳಿದ ಆರು ಎಮಿರೇಟ್‌ಗಳ ವೀಸಾ ಮತ್ತು ಎಲ್ಲರ ಎಮಿರೇಟ್ಸ್ ಐಡಿ ಐಸಿಪಿ ಎಂಬ ಒಕ್ಕೂಟದ ಪ್ರಾಧಿಕಾರದ್ದು, ಅದರ ನಂಬರ್ 600 522222. ಶಾರ್ಜಾದಲ್ಲಿ ರೂಮು ಮಾಡಿಕೊಂಡು ದುಬೈನಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಬಹಳ ಮಂದಿ. ಅವರಿಗೆ ಕೆಲಸದ ವಿಷಯ ಒಂದು ಕಡೆ, ರೂಮಿನ ವಿಷಯ ಇನ್ನೊಂದು ಕಡೆ.

ಇದರ ಮೇಲೆ ಫ್ರೀ ಝೋನ್ ಅಂತ ಇದೆ, ಅಂದರೆ ತನ್ನದೇ ಪ್ರಾಧಿಕಾರ, ನಿಯಮ ಇರುವ ವಿಶೇಷ ವ್ಯಾಪಾರ ವಲಯ. ಜೆಬೆಲ್ ಅಲಿಯದು 1985ರಿಂದ ಇದೆ. ಆಮೇಲೆ ಸರಕು ವ್ಯಾಪಾರದ ಡಿಎಂಸಿಸಿ, ಹಣಕಾಸಿನ ಡಿಐಎಫ್‌ಸಿ ಹೀಗೆ ಹತ್ತಾರು ಬಂದವು. ಕಂಪನಿ ಫ್ರೀ ಝೋನ್‌ನದಾದರೆ ಕೆಲಸದ ಕರಾರು, ಮೊದಲ ದೂರು ಎಲ್ಲ ಆ ಝೋನ್‌ನ ಪ್ರಾಧಿಕಾರದ ಮೂಲಕವೇ ಹೋಗಬೇಕು. ಡಿಐಎಫ್‌ಸಿಗಂತೂ ಕಾರ್ಮಿಕ ಕಾನೂನೂ ಬೇರೆ, ಕೋರ್ಟೂ ಬೇರೆ. ತಮ್ಮನಿಗೆ ಬಂದಿರುವ ಆಫರ್ ಲೆಟರ್ ತೆಗೆದು ನೋಡಿ. ಅದರಲ್ಲಿ ಮಾನವ ಸಂಪನ್ಮೂಲ ಮತ್ತು ಎಮಿರಾಟೀಕರಣ ಸಚಿವಾಲಯದ ಹೆಸರಿದೆಯೋ, ಯಾವುದಾದರೂ ಫ್ರೀ ಝೋನ್‌ನ ಹೆಸರಿದೆಯೋ? ಈ ಒಂದು ವಿಷಯ ಇವತ್ತೇ ಗೊತ್ತಾಗಲಿ. ಸಚಿವಾಲಯದ್ದಾದರೆ ಆಫರ್ ಲೆಟರ್‌ನ ಮೇಲೆ ಒಂದು ನಂಬರ್ ಇರುತ್ತದೆ. ಸಚಿವಾಲಯದ ಜಾಲತಾಣದ ವಿಚಾರಣೆ ವಿಭಾಗದಲ್ಲಿ ಆ ನಂಬರ್ ಹಾಕಿದರೆ ಆಫರ್ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಕುಂದಾಪುರದಲ್ಲೇ ಕೂತು ನೋಡಬಹುದು. ಇಲ್ಲಿ ದುಬೈನಲ್ಲಿ ಈ ಸಚಿವಾಲಯವನ್ನು ಎಲ್ಲರೂ ಮೊಹ್ರೆ ಅಂತಲೇ ಕರೆಯುವುದು, ನಾನೂ ಹಾಗೇ ಬರೆಯುತ್ತೇನೆ.

ಪ್ರಾಣಕ್ಕೆ ಸಂಬಂಧಪಟ್ಟ ನಂಬರ್‌ಗಳು ಸುಲಭ. ಪೊಲೀಸ್ 999, ಆಂಬುಲೆನ್ಸ್ 998, ಬೆಂಕಿ 997, ಕಡಲಿನಲ್ಲಿ ಅಪಾಯ ಆದರೆ ಕೋಸ್ಟ್ ಗಾರ್ಡ್ 996. ಇವು ಏಳೂ ಎಮಿರೇಟ್‌ಗಳಲ್ಲಿ ಒಂದೇ. ದುಬೈನಲ್ಲಿ ತುರ್ತಲ್ಲದ ಪೊಲೀಸ್ ಕೆಲಸಕ್ಕೆ 901. ಪಾಸ್‌ಪೋರ್ಟ್ ಕಳೆದಿದೆ, ಯಾರೋ ಮೋಸ ಮಾಡಿದ್ದಾರೆ, ರಿಪೋರ್ಟ್ ಬೇಕು, ಇಂಥದ್ದಕ್ಕೆ 999 ಒತ್ತಬಾರದು, 901 ಒತ್ತಬೇಕು.

ಫೋನ್ ಮಾಡಿದಾಗ ಎಲ್ಲರೂ ತಡವರಿಸುವುದು ವಿಳಾಸ ಹೇಳುವಲ್ಲಿ. ಇಲ್ಲಿ ನಮ್ಮೂರಿನ ಹಾಗೆ ಮನೆ ನಂಬರ್ ನೋಡಿ ಪೋಸ್ಟ್ ತಂದುಕೊಡುವ ಪದ್ಧತಿ ಬೆಳೆದಿಲ್ಲ. ಕಾಗದಗಳು ಪಿಒ ಬಾಕ್ಸ್‌ಗೆ ಬರುತ್ತವೆ. ಆದರೆ ದುಬೈನ ಪ್ರತಿ ಕಟ್ಟಡದ ಬಾಗಿಲ ಬಳಿ ಮಕಾನಿ ಅಂತ ಬರೆದ ಒಂದು ಫಲಕ ಇರುತ್ತದೆ, ಅದರಲ್ಲಿ 10 ಅಂಕಿಗಳಿರುತ್ತವೆ. ಆ ಅಂಕಿ ಹೇಳಿದರೆ ಆಂಬುಲೆನ್ಸ್ ನೇರ ಆ ಬಾಗಿಲಿಗೇ ಬರುತ್ತದೆ. ರೂಮು ಸೇರಿದ ದಿನವೇ ತಮ್ಮ ಆ ಫಲಕದ ಫೋಟೋ ತೆಗೆದು ನಿಮಗೂ ಕಳಿಸಲಿ. ರಾತ್ರಿ ಹೊತ್ತು ಎದೆನೋವು ಬಂದಾಗ "ಸೂಪರ್ ಮಾರ್ಕೆಟ್ ಹಿಂದಿನ ಬಿಲ್ಡಿಂಗ್" ಅಂತ ಹೇಳಿಕೊಂಡು ಕೂರುವುದು ತಪ್ಪುತ್ತದೆ.

ಫೋನಿನ ಬಗ್ಗೆ ಇನ್ನೊಂದೆರಡು ಮಾತು. ಯುಎಇಯ ದೇಶದ ಕೋಡ್ 971. ಊರಿನ ಕೋಡ್ ದುಬೈಗೆ 04, ಅಬುಧಾಬಿಗೆ 02, ಶಾರ್ಜಾ-ಅಜ್ಮಾನ್ ಕಡೆಗೆ 06. ಭಾರತದಿಂದ ಮಾಡುವಾಗ 00971 ಆದ ಮೇಲೆ ಆ ಮೊದಲ ಸೊನ್ನೆ ಬಿಡಬೇಕು. 800ರಿಂದ ಶುರುವಾಗುವ ನಂಬರ್‌ಗಳು ಉಚಿತ, ಆದರೆ ಸಾಮಾನ್ಯವಾಗಿ ಯುಎಇ ಒಳಗಿನಿಂದ ಮಾತ್ರ ಸಿಗುತ್ತವೆ. ನೀವು ಕುಂದಾಪುರದಿಂದ ಪ್ರಯತ್ನಿಸಿ "ನಂಬರೇ ತಪ್ಪು" ಅಂತ ಹೆದರಬೇಡಿ. ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಸರ್ಕಾರಿ ಕಚೇರಿಗಳು ಸೋಮವಾರದಿಂದ ಗುರುವಾರ ಬೆಳಿಗ್ಗೆ 7.30ರಿಂದ ಮಧ್ಯಾಹ್ನ 3.30, ಶುಕ್ರವಾರ 12ರವರೆಗೆ ಮಾತ್ರ. ಶನಿವಾರ, ಭಾನುವಾರ ರಜೆ. 2022ರಿಂದ ಹೀಗೆ. ಶಾರ್ಜಾದಲ್ಲಿ ಶುಕ್ರವಾರವೂ ರಜೆ. ರಂಜಾನ್ ತಿಂಗಳಲ್ಲಿ ಸಮಯ ಇನ್ನೂ ಕಡಿಮೆ.

ಈಗ ನಮ್ಮ ದೇಶದ ಕಚೇರಿ. ದುಬೈ, ಶಾರ್ಜಾ ಮತ್ತು ಉತ್ತರದ ಎಮಿರೇಟ್‌ಗಳಿಗೆ ದುಬೈನಲ್ಲಿರುವ ಭಾರತದ ಕಾನ್ಸುಲೇಟ್. ಅದು ಬರ್ ದುಬೈನ ಅಲ್ ಹಮ್ರಿಯಾದಲ್ಲಿದೆ. ಅಬುಧಾಬಿಯಲ್ಲಿ ಇರುವವರಿಗೆ ಅಲ್ಲಿಯ ರಾಯಭಾರ ಕಚೇರಿ. ತಮ್ಮನ ಫೋನಿನಲ್ಲಿ ಮೊದಲು ಉಳಿಸಿಕೊಳ್ಳಬೇಕಾದ ಭಾರತೀಯ ನಂಬರ್ 800 46342. ಇದು ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ್ದು, ದಿನದ 24 ಗಂಟೆಯೂ ಉಚಿತ. ಅಲ್ಲಿ ಹಿಂದಿಯಲ್ಲಿ ಮಾತಾಡಬಹುದು. ಕಾನೂನಿನ ಸಲಹೆ ಬೇಕಾದರೆ, ಮನಸ್ಸು ತೀರಾ ಕುಗ್ಗಿದ್ದರೆ ಕೌನ್ಸೆಲಿಂಗ್ ಬೇಕಾದರೆ ಅವರು ಏರ್ಪಾಡು ಮಾಡುತ್ತಾರೆ. ಈ ಎರಡನೆಯದನ್ನು ನಮ್ಮವರು ಕೇಳುವುದೇ ಇಲ್ಲ. ಸಾಲ, ಒಂಟಿತನ, ಕೆಲಸದ ಒತ್ತಡ ಎಲ್ಲ ಸೇರಿ ಹುಡುಗರು ಒಳಗೊಳಗೇ ಬೇಯುತ್ತಾರೆ. "ಅಲ್ಲಿಗೆ ಫೋನ್ ಮಾಡುವುದು ನಾಚಿಕೆಯ ವಿಷಯ ಅಲ್ಲ" ಅಂತ ನೀವೇ ತಮ್ಮನಿಗೆ ಬಾಯಿಬಿಟ್ಟು ಹೇಳಿ. ಅಣ್ಣ ಹೇಳಿದ್ದು ನೆನಪಿರುತ್ತದೆ.

ಕಾನ್ಸುಲೇಟ್ ಏನು ಮಾಡಬಲ್ಲದು, ಏನು ಮಾಡಲಾರದು ಅನ್ನುವುದೂ ತಿಳಿದಿರಲಿ. ಪಾಸ್‌ಪೋರ್ಟ್ ಕಳೆದರೆ ಹೊಸದು ಅಥವಾ ಊರಿಗೆ ಹೋಗಲು ತುರ್ತು ಪ್ರಮಾಣಪತ್ರ ಕೊಡುತ್ತದೆ. ಜೈಲಿನಲ್ಲಿರುವ ಭಾರತೀಯರನ್ನು ಭೇಟಿ ಮಾಡುತ್ತದೆ. ಕಂಪನಿಯ ಜೊತೆ ಮಾತಾಡಿ ನೋಡುತ್ತದೆ. ಕೈಯಲ್ಲಿ ದುಡ್ಡಿಲ್ಲದೆ ಸಿಕ್ಕಿಹಾಕಿಕೊಂಡವರಿಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಟಿಕೆಟ್, ತಾತ್ಕಾಲಿಕ ವಸತಿ ಕೊಡಿಸಬಹುದು. ಆದರೆ ಸಂಬಳ ಕೊಡಿ ಅಂತ ಕಂಪನಿಗೆ ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ಆ ಅಧಿಕಾರ ಇರುವುದು ಇಲ್ಲಿಯ ಸಚಿವಾಲಯಕ್ಕೆ ಮತ್ತು ಕೋರ್ಟಿಗೆ.

ಸಂಬಳದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ನಮ್ಮವರು ಸೋಲುವುದು ಇಲ್ಲೇ. ಮೊಹ್ರೆಯ ಸಾಮಾನ್ಯ ನಂಬರ್ 600 590000. ಕಾರ್ಮಿಕರ ದೂರು ಮತ್ತು ಸಲಹೆಗೆ 800 84. ಅವರ ಆ್ಯಪ್‌ನಲ್ಲೂ ದೂರು ಕೊಡಬಹುದು. ಸಂಬಳ ಬ್ಯಾಂಕಿನ ಮೂಲಕವೇ ಬರಬೇಕು. ಅದಕ್ಕೆ ಡಬ್ಲ್ಯುಪಿಎಸ್ ಅನ್ನುವ ವ್ಯವಸ್ಥೆ 2009ರಿಂದ ಇದೆ. ಯಾವ ಕಂಪನಿ ಯಾರಿಗೆ ಎಷ್ಟು ಹಾಕಿತು ಅನ್ನುವುದು ಸಚಿವಾಲಯಕ್ಕೆ ಕಾಣಿಸುತ್ತದೆ. ಕೈಗೆ ನಗದು ಕೊಟ್ಟು ಹಾಳೆಯ ಮೇಲೆ ಸಹಿ ಹಾಕಿಸಿಕೊಳ್ಳುವ ಕಂಪನಿ ಇದ್ದರೆ ಅಲ್ಲೇ ಎಚ್ಚರ ಆಗಬೇಕು. ನಾಳೆ ದೂರು ಕೊಟ್ಟರೆ ನಿಮ್ಮ ಕೈಯಲ್ಲಿ ಸಾಕ್ಷಿ ಇರುವುದಿಲ್ಲ, ಅವರ ಕೈಯಲ್ಲಿ ನಿಮ್ಮ ಸಹಿ ಇರುತ್ತದೆ.

ದೂರು ಬಂದ ಮೇಲೆ ಮೊದಲು ಇಬ್ಬರನ್ನೂ ಕರೆದು ರಾಜಿ ಮಾಡಿಸಲು ನೋಡುತ್ತಾರೆ. ಇದಕ್ಕೆ 14 ದಿನದ ಅವಧಿ. ಬಾಕಿ 50,000 ದಿರ್ಹಮ್ ಒಳಗೆ ಇದ್ದರೆ ಸಚಿವಾಲಯವೇ ತೀರ್ಮಾನ ಕೊಡಬಹುದು. 2024ರಿಂದ ಈ ಅಧಿಕಾರ ಬಂದಿದೆ. ಅದಕ್ಕಿಂತ ಜಾಸ್ತಿ ಆದರೆ ಕೋರ್ಟಿಗೆ ಕಳಿಸುತ್ತಾರೆ. 1 ಲಕ್ಷ ದಿರ್ಹಮ್‌ವರೆಗಿನ ಬೇಡಿಕೆಗೆ ಕಾರ್ಮಿಕರು ಕೋರ್ಟ್ ಶುಲ್ಕ ಕಟ್ಟಬೇಕಿಲ್ಲ. ಇದು ಗೊತ್ತಿಲ್ಲದೆ "ಕೋರ್ಟಿಗೆಲ್ಲ ದುಡ್ಡೆಲ್ಲಿಂದ ತರೋದು" ಅಂತ ಬಾಕಿ ಬಿಟ್ಟು ಊರಿಗೆ ಹೊರಟವರನ್ನು ಕಂಡಿದ್ದೇನೆ. ಅದು ಅವರ ಬೆವರಿನ ದುಡ್ಡು, ಬಿಡಬಾರದು.

ಒಂದು ತಪ್ಪನ್ನು ಮಾತ್ರ ತಮ್ಮ ಯಾವ ಕಾರಣಕ್ಕೂ ಮಾಡದಿರಲಿ. ಸಿಟ್ಟಿನಲ್ಲಿ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸುವುದು. ಸತತ 7 ದಿನಕ್ಕಿಂತ ಜಾಸ್ತಿ ಹೇಳದೆ ಕೇಳದೆ ಗೈರಾದರೆ ಕಂಪನಿ ಅವನ ಮೇಲೆ ವರದಿ ಹಾಕಬಹುದು. ಇಲ್ಲಿ ಎಲ್ಲರೂ ಅಬ್‌ಸ್ಕಾಂಡಿಂಗ್ ಅನ್ನುವುದು ಇದನ್ನೇ. ಅಲ್ಲಿಂದ ಮುಂದೆ ನ್ಯಾಯ ಇವನ ಕಡೆ ಇದ್ದರೂ ಅದನ್ನು ತೆಗೆಸುವುದರಲ್ಲೇ ತಿಂಗಳು ಹೋಗುತ್ತದೆ. ಮೊದಲು ದೂರು, ದೂರಿನ ನಂಬರ್ ಕೈಗೆ, ಆಮೇಲೆ ಮುಂದಿನ ಮಾತು. ಯಾವ ಕಚೇರಿಗೆ ಫೋನ್ ಮಾಡಿದರೂ ಇದೇ ನಿಯಮ. ಮಾತಾಡಿ ಇಟ್ಟುಬಿಟ್ಟರೆ ಪ್ರಯೋಜನ ಇಲ್ಲ, ರೆಫರೆನ್ಸ್ ನಂಬರ್ ಕೇಳಿ ಬರೆದುಕೊಳ್ಳಬೇಕು.

ಕಂಪನಿಯ ಹೆಸರು ಹಾಕಿ ಫೇಸ್‌ಬುಕ್‌ನಲ್ಲಿ ವಿಡಿಯೋ ಬಿಡುವುದೂ ಬೇಡ. ಊರಿನಲ್ಲಿ ಅದು ಧೈರ್ಯ ಅನಿಸಬಹುದು. ಇಲ್ಲಿ ಸೈಬರ್ ಕಾನೂನಿನಡಿ ಮಾನಹಾನಿ ಅಪರಾಧ. ದೂರು ಕೊಟ್ಟವನೇ ಆರೋಪಿ ಆಗಿಬಿಡುತ್ತಾನೆ.

ಕಾಗದದ ಮೇಲಿನ ಹಕ್ಕುಗಳಲ್ಲಿ ಮುಖ್ಯವಾದವು ಇವು. ಈಗಿರುವುದು 2021ರ 33ನೇ ಕಾನೂನು, 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಪಾಸ್‌ಪೋರ್ಟನ್ನು ಕಂಪನಿ ಹಿಡಿದಿಟ್ಟುಕೊಳ್ಳುವಂತಿಲ್ಲ. ವೀಸಾ, ನೇಮಕಾತಿ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ. ಪ್ರೊಬೇಷನ್ 6 ತಿಂಗಳಿಗಿಂತ ಜಾಸ್ತಿ ಇಲ್ಲ. ಒಂದು ವರ್ಷ ಪೂರ್ತಿ ಆದ ಮೇಲೆ ಗ್ರಾಚ್ಯುಟಿ ಲೆಕ್ಕ ಶುರು. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. ಇಲ್ಲಿ "ಮೂಲ ವೇತನ" ಅನ್ನುವುದನ್ನು ಗಮನಿಸಿ. ಒಟ್ಟು ಸಂಬಳ ದೊಡ್ಡದಾಗಿ ತೋರಿಸಿ ಬೇಸಿಕ್ ಚಿಕ್ಕದಾಗಿ ಇಡುವುದು ಇಲ್ಲಿ ಮಾಮೂಲು. ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲೇ ಬೇಸಿಕ್ ಎಷ್ಟು ಅಂತ ಕೇಳಲಿ. ಅಕೌಂಟ್ಸ್ ಓದಿದವನು, ಲೆಕ್ಕ ಅವನಿಗೆ ಬೇಗ ಅರ್ಥ ಆಗುತ್ತದೆ.

ಉದ್ಯೋಗ ಕಳೆದರೆ ಕೆಲವು ತಿಂಗಳು ಸ್ವಲ್ಪ ಹಣ ಬರುವ ವಿಮೆಯೂ 2023ರಿಂದ ಕಡ್ಡಾಯ. ಬೇಸಿಕ್ 16,000 ದಿರ್ಹಮ್‌ವರೆಗೆ ಇದ್ದವರಿಗೆ ತಿಂಗಳಿಗೆ 5 ದಿರ್ಹಮ್. ಇದನ್ನು ಕೆಲಸಗಾರನೇ ಮಾಡಿಸಬೇಕು, ಮರೆತರೆ ದಂಡ ಬೀಳುತ್ತದೆ. ಆರೋಗ್ಯ ವಿಮೆ ಹಾಗಲ್ಲ, ಅದನ್ನು ಕಂಪನಿಯೇ ಮಾಡಿಸಿ ಕೊಡಬೇಕು. ದುಬೈನಲ್ಲಿ ಆಸ್ಪತ್ರೆ, ವಿಮೆಯ ತಕರಾರಿಗೆ ಆರೋಗ್ಯ ಪ್ರಾಧಿಕಾರದ 800 342.

ಅಮ್ಮನ ಮುಂದೆ ಓದಬೇಡಿ, ಆದರೆ ನಿಮಗೆ ಗೊತ್ತಿರಬೇಕಾದ ಒಂದು ವಿಷಯ ಇದೆ. ಇಲ್ಲಿ ಯಾರಾದರೂ ತೀರಿಕೊಂಡಾಗ ಊರಿನ ಮನೆಯವರಿಗೆ ದಿಕ್ಕೇ ತೋಚುವುದಿಲ್ಲ. ಯಾರ್ಯಾರೋ ಫೋನ್ ಮಾಡಿ ದುಡ್ಡು ಕೇಳುತ್ತಾರೆ. ಕ್ರಮ ಹೀಗಿದೆ. ಆಸ್ಪತ್ರೆಯಲ್ಲಿ ಆದರೆ ಆಸ್ಪತ್ರೆ, ರೂಮಿನಲ್ಲಿ ಆದರೆ ಪೊಲೀಸರು ಮೊದಲ ಕಾಗದ ಮಾಡುತ್ತಾರೆ. ನಂತರ ಮರಣ ಪ್ರಮಾಣಪತ್ರ, ಪೊಲೀಸರ ಅನುಮತಿ, ವೀಸಾ ರದ್ದು. ಕಾನ್ಸುಲೇಟ್ ಪಾಸ್‌ಪೋರ್ಟ್ ರದ್ದು ಮಾಡಿ ಮರಣ ನೋಂದಾಯಿಸಿ ನಿರಾಕ್ಷೇಪಣಾ ಪತ್ರ ಕೊಡುತ್ತದೆ. ಆಮೇಲೆ ಶರೀರ ಕೆಡದಂತೆ ಮಾಡುವ ಎಂಬಾಮಿಂಗ್, ವಿಮಾನದ ಕಾರ್ಗೋ. ಪಾರ್ಥಿವ ಶರೀರವನ್ನು ಊರಿಗೆ ಕಳಿಸುವ ಖರ್ಚು ಕಂಪನಿಯದು, ಅದು ಕಾನೂನಿನಲ್ಲೇ ಇದೆ. ಸಂಬಳದ ಬಾಕಿ, ಗ್ರಾಚ್ಯುಟಿಯನ್ನೂ 10 ದಿನದೊಳಗೆ ಮನೆಯವರಿಗೆ ಕೊಡಬೇಕು. ಮನೆಯವರು ಯಾರಿಗೂ ಹಣ ಕಳಿಸುವ ಮೊದಲು ಕಾನ್ಸುಲೇಟ್ ಜೊತೆ ಮಾತಾಡಬೇಕು. ಜೆಬೆಲ್ ಅಲಿಯಲ್ಲಿ ಹಿಂದೂಗಳ ಚಿತಾಗಾರವೂ ಇದೆ. ಅಲ್ಲೇ ಅಂತ್ಯಕ್ರಿಯೆ ಮಾಡಬೇಕಾದರೆ ಮನೆಯವರ ಒಪ್ಪಿಗೆ ಪತ್ರ ಬೇಕು.

ಇಂಥ ಹೊತ್ತಿನಲ್ಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚಂದಾ ಎತ್ತುವುದು ನಮ್ಮವರ ಒಳ್ಳೆಯ ಮನಸ್ಸು. ಆದರೆ ಯುಎಇಯಲ್ಲಿ ಪರವಾನಗಿ ಇಲ್ಲದೆ ದೇಣಿಗೆ ಸಂಗ್ರಹಿಸುವುದು ಅಪರಾಧ. ಸಹಾಯ ಮಾಡಲು ಹೋದವನೇ ಕೇಸಿನಲ್ಲಿ ಸಿಕ್ಕಬಾರದು. ಕಾನ್ಸುಲೇಟ್‌ನ ಕಲ್ಯಾಣ ನಿಧಿ ಇರುವುದು ಇದಕ್ಕೇ.

ದಿನನಿತ್ಯದ ಕೆಲವು ನಂಬರ್‌ಗಳನ್ನು ಬೇಗ ಹೇಳಿಬಿಡುತ್ತೇನೆ. ಮೆಟ್ರೋ, ಬಸ್ಸು, ಟ್ಯಾಕ್ಸಿಯಲ್ಲಿ ಏನಾದರೂ ಬಿಟ್ಟುಬಂದರೆ ದುಬೈನ ಸಾರಿಗೆ ಪ್ರಾಧಿಕಾರ ಆರ್‌ಟಿಎ 800 9090. ಹಳಸಿದ ಊಟ ಕೊಟ್ಟ ಹೋಟೆಲು, ಕಸ, ತಿಗಣೆ ಕಾಟ, ಇವಕ್ಕೆಲ್ಲ ದುಬೈ ಮುನಿಸಿಪಾಲಿಟಿ 800 900. ಬೆಡ್‌ಸ್ಪೇಸ್‌ನಲ್ಲಿ (ಹಂಚಿಕೊಂಡ ರೂಮಿನಲ್ಲಿ ಒಂದು ಹಾಸಿಗೆಯಷ್ಟೇ ಬಾಡಿಗೆಗೆ ಹಿಡಿದು) ಇರುವವರಿಗೆ ತಿಗಣೆ ಸಣ್ಣ ವಿಷಯ ಅಲ್ಲ! ಕರೆಂಟು, ನೀರು ಕೈಕೊಟ್ಟರೆ ಅವನ್ನು ಒದಗಿಸುವ ದುಬೈನ ಸಂಸ್ಥೆ ‘ದೇವಾ’ದ 991, ಬಿಲ್ಲಿನ ವಿಷಯಕ್ಕೆ 04 601 9999. ಅಂಗಡಿಯವರು ಮೋಸ ಮಾಡಿದರೆ ಗ್ರಾಹಕರ ದೂರಿಗೆ 600 545555. ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಡೆದರೆ ದುಬೈನ ಮಹಿಳಾ ಮತ್ತು ಮಕ್ಕಳ ಪ್ರತಿಷ್ಠಾನ 800 111, ಮಕ್ಕಳ ವಿಷಯಕ್ಕೆ ಒಳಾಡಳಿತ ಸಚಿವಾಲಯದ 116111. ತಮ್ಮನಿಗೆ ಇವು ಬೇಕಾಗದೇ ಇರಬಹುದು. ಆದರೆ ಪಕ್ಕದ ಮನೆಯಲ್ಲಿ ಕೆಲಸಕ್ಕಿರುವ ನಮ್ಮೂರಿನ ಹೆಣ್ಣುಮಗಳಿಗೆ ಬೇಕಾಗಬಹುದು. ಅಬುಧಾಬಿಗೆ ಹೋಗಿ ಇರುವಂತಾದರೆ ಅಲ್ಲಿಯ ಸರ್ಕಾರಿ ಸೇವೆಗಳಿಗೆಲ್ಲ ಸೇರಿ ಒಂದೇ ನಂಬರ್, 800 555.

ರೂಮು ಹಿಡಿಯುವಾಗ ಬ್ರೋಕರ್‌ನ ನೋಂದಣಿ ನಂಬರ್ ಕೇಳಿ ದುಬೈ ರೆಸ್ಟ್ ಆ್ಯಪ್‌ನಲ್ಲಿ ನೋಡಲಿ. ಪೂರ್ತಿ ಫ್ಲಾಟ್ ಆದರೆ ಬಾಡಿಗೆ ಕರಾರಿಗೆ ಎಜಾರಿ ಅನ್ನುವ ಸರ್ಕಾರಿ ನೋಂದಣಿ ಆಗಲೇಬೇಕು. ಎಜಾರಿ ಇಲ್ಲದೆ ಬಾಡಿಗೆ ವಿವಾದ ಕೇಂದ್ರಕ್ಕೆ ಹೋದರೆ ಕಷ್ಟ.

ಊರಿನಲ್ಲೇ ಮಾಡಬೇಕಾದ್ದು ಸ್ವಲ್ಪ ಇದೆ. ಏಜೆಂಟ್ ಮೂಲಕ ಹೋಗುತ್ತಿದ್ದರೆ ಅವನ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿ ಇದೆಯೇ ನೋಡಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷ ಲಕ್ಷ ಕೇಳುವವನನ್ನು ಅಲ್ಲೇ ಬಿಡಿ. ಅನುಮಾನ ಇದ್ದರೆ ಭಾರತದೊಳಗಿನ ಉಚಿತ ನಂಬರ್ 1800 11 3090. ಬೆಂಗಳೂರಿನಲ್ಲಿ ವಲಸಿಗರ ಸಂರಕ್ಷಣಾಧಿಕಾರಿಯ ಕಚೇರಿಯೂ ಇದೆ. ತಮ್ಮ ಪದವೀಧರ, ಆದ್ದರಿಂದ ಅವನಿಗೆ ವಲಸೆ ಅನುಮತಿಯ ಮುದ್ರೆ ಬೇಕಾಗುವುದಿಲ್ಲ. ಹತ್ತನೇ ತರಗತಿ ಪಾಸಾಗದೆ ಹೋಗುವವರಿಗೆ ಅದು ಬೇಕು. ಆ ಅನುಮತಿಯ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಬರುತ್ತದೆ, 10 ಲಕ್ಷ ರೂಪಾಯಿಯ ಅಪಘಾತ ವಿಮೆ, ಎರಡು ವರ್ಷಕ್ಕೆ ಕಂತು 275 ರೂಪಾಯಿ. ನಿಮ್ಮ ಕಾರ್ಖಾನೆಯಲ್ಲಿ ಯಾರಾದರೂ ಗಲ್ಫಿಗೆ ಹೊರಟಿದ್ದರೆ ಹೇಳಿ.

"ಮೊದಲು ವಿಸಿಟ್ ವೀಸಾದಲ್ಲಿ ಬಾ, ಆಮೇಲೆ ಬದಲಾಯಿಸೋಣ, ಅಲ್ಲಿವರೆಗೂ ಕೆಲಸ ಮಾಡ್ತಾ ಇರು" ಅಂದರೆ ಒಪ್ಪಬೇಡಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಕಾನೂನುಬಾಹಿರ. ಕೆಲಸ ಕೊಟ್ಟವನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ. ಕೆಲಸ ಮಾಡಿದವನಿಗೆ ಕರಾರೇ ಇರುವುದಿಲ್ಲ, ಸಂಬಳ ಸಿಗದಿದ್ದರೆ ಹಿಡಿದುಕೊಳ್ಳಲು ಕಾಗದವೇ ಇಲ್ಲ. ಯಾರ ಬಳಿ ಬೇಕಾದರೂ ಕೆಲಸ ಮಾಡಬಹುದು ಅಂತ ಹೇಳಿ ಆಜಾದ್ ವೀಸಾ, ಫ್ರೀ ವೀಸಾ ಅಂತ ಊರಿನಲ್ಲಿ ಮಾರುವುದೂ ಅಷ್ಟೇ. ಅಂಥದ್ದೊಂದು ವೀಸಾ ಕಾನೂನಿನಲ್ಲಿ ಇಲ್ಲ.

ಇನ್ನು ನಿಮ್ಮ ಗೋಡಂಬಿ. ದುಬೈ ನಮ್ಮ ಗೋಡಂಬಿಗೆ ಹಳೆಯ, ದೊಡ್ಡ ಮಾರುಕಟ್ಟೆ. ದೇರಾದ ಅಲ್ ರಾಸ್‌ನಲ್ಲಿ ಒಣಹಣ್ಣು, ಬೇಳೆಕಾಳು, ಮಸಾಲೆಯ ಸಗಟು ವ್ಯಾಪಾರಿಗಳು ಸಾಲಾಗಿ ಕೂತಿದ್ದಾರೆ. ತಲೆಮಾರುಗಳಿಂದ ವ್ಯಾಪಾರ ಮಾಡುವ ಭಾರತೀಯ, ಇರಾನಿ ಮನೆತನಗಳೂ ಅಲ್ಲಿವೆ. ಹಾಗಾಗಿ ದೇರಾ ಅಂದ ಕೂಡಲೇ ಅನುಮಾನ ಪಡಬೇಕಿಲ್ಲ. ಆದರೆ ಅದೇ ದೇರಾದ ಹೆಸರು ಹೇಳಿಕೊಂಡು ಮೋಸ ಮಾಡುವ ಒಂದು ರೀತಿ ವರ್ಷಗಳಿಂದ ನಡೆದುಕೊಂಡು ಬಂದಿದೆ. ಯಾರೋ ಒಬ್ಬರು ಹಳೆಯ ಟ್ರೇಡಿಂಗ್ ಲೈಸೆನ್ಸ್ ಒಂದನ್ನು ಕೊಂಡುಕೊಳ್ಳುತ್ತಾರೆ. ಚೆಂದದ ಆಫೀಸು ಮಾಡುತ್ತಾರೆ. ಮೊದಲ ಸಣ್ಣ ಆರ್ಡರ್‌ಗೆ ತಕ್ಷಣ ದುಡ್ಡು ಕಳಿಸುತ್ತಾರೆ. ಎರಡನೆಯದಕ್ಕೂ ಕಳಿಸುತ್ತಾರೆ. ಮೂರನೆಯದು ಇಡೀ ಕಂಟೇನರ್, ಮುಂದಿನ ತಾರೀಕಿನ ಚೆಕ್ಕು. ಚೆಕ್ಕಿನ ತಾರೀಕು ಬರುವ ಹೊತ್ತಿಗೆ ಆಫೀಸಿಗೆ ಬೀಗ, ಮಾಲು ಅರ್ಧ ಬೆಲೆಗೆ ಮಾರಿ ಹೋಗಿರುತ್ತದೆ. ಅಕ್ಕಿ, ಮಸಾಲೆ, ಗೋಡಂಬಿ ಇಂಥವರಿಗೆ ಬಹಳ ಇಷ್ಟ, ಯಾಕೆಂದರೆ ಬೇಗ ಮಾರಿಹೋಗುತ್ತವೆ.

"ದುಬೈನಲ್ಲಿ ಚೆಕ್ ಬೌನ್ಸ್ ಆದರೆ ಜೈಲು, ಅದಕ್ಕೆ ಯಾರೂ ಮೋಸ ಮಾಡಲ್ಲ" ಅಂತ ಊರಿನಲ್ಲಿ ಈಗಲೂ ಹೇಳುತ್ತಾರೆ. ಅದು ಹಳೆಯ ಮಾತು. 2022ರ ಜನವರಿಯಿಂದ, ಖಾತೆಯಲ್ಲಿ ಹಣ ಇಲ್ಲದೆ ಚೆಕ್ ವಾಪಸಾದರೆ ಅದು ಬಹುಮಟ್ಟಿಗೆ ಸಿವಿಲ್ ವಿಷಯ. ನೇರವಾಗಿ ಜಾರಿ ಕೋರ್ಟಿಗೆ ಹೋಗಬಹುದು ಅನ್ನುವುದು ಒಳ್ಳೆಯದೇ. ಆದರೆ ಆಸ್ತಿಯೇ ಇಲ್ಲದ, ಆಳೂ ಇಲ್ಲದ ಕಂಪನಿಯಿಂದ ಏನು ಜಾರಿ ಮಾಡಿಸುತ್ತೀರಿ?

ಆದ್ದರಿಂದ ಆ ವ್ಯಾಪಾರಿಯಿಂದ ಮೊದಲು ಟ್ರೇಡ್ ಲೈಸೆನ್ಸ್‌ನ ಪ್ರತಿ ತರಿಸಿಕೊಳ್ಳಿ. ಅದರಲ್ಲಿ ನಂಬರ್, ಮಾಲೀಕರ ಹೆಸರು, ಶುರುವಾದ ದಿನ, ಮುಗಿಯುವ ದಿನ, ಯಾವ ವ್ಯಾಪಾರಕ್ಕೆ ಅನುಮತಿ ಎಲ್ಲ ಇರುತ್ತದೆ. ಆಹಾರ ಪದಾರ್ಥದ ವ್ಯಾಪಾರ ಅಂತ ಇದೆಯೇ ನೋಡಿ. ಕಟ್ಟಡ ಸಾಮಗ್ರಿಯ ಲೈಸೆನ್ಸ್ ಇಟ್ಟುಕೊಂಡು ಗೋಡಂಬಿ ಕೇಳುವವನ ಜೊತೆ ಮಾತು ಅಲ್ಲಿಗೇ ಮುಗಿಸಿ. ಲೈಸೆನ್ಸ್ ನಂಬರನ್ನು ಯುಎಇಯ ನ್ಯಾಷನಲ್ ಎಕನಾಮಿಕ್ ರಿಜಿಸ್ಟರ್ ಜಾಲತಾಣದಲ್ಲಿ ನೀವೇ ಹಾಕಿ ನೋಡಬಹುದು. ಪಾಲುದಾರರು ಇತ್ತೀಚೆಗೆ ಬದಲಾಗಿದ್ದರೆ ಕಾರಣ ಕೇಳಿ. ವ್ಯಾಟ್ ನಂಬರ್ 15 ಅಂಕಿಯದು. ಫೆಡರಲ್ ತೆರಿಗೆ ಪ್ರಾಧಿಕಾರದ ಜಾಲತಾಣದಲ್ಲಿ ಅದನ್ನೂ ಪರೀಕ್ಷಿಸಬಹುದು. ವರ್ಷಕ್ಕೆ 3,75,000 ದಿರ್ಹಮ್‌ಗಿಂತ ಜಾಸ್ತಿ ವಹಿವಾಟು ಇರುವವರು ವ್ಯಾಟ್‌ಗೆ ನೋಂದಾಯಿಸಲೇಬೇಕು. ಕಂಟೇನರ್‌ಗಟ್ಟಲೆ ಮಾಲು ತರಿಸುತ್ತೇನೆ ಅನ್ನುವವನಿಗೆ ಆ ನಂಬರ್ ಇಲ್ಲ ಅಂದರೆ ಕಥೆ ಹೊಂದುವುದಿಲ್ಲ, ಅಲ್ವಾ?

ವಿಚಾರಿಸಲು ಎರಡು ಕಡೆ ಹೋಗಿ. ಒಂದು, ದುಬೈ ಛೇಂಬರ್. 1965ರಿಂದ ಇರುವ ಸಂಸ್ಥೆ, ನಂಬರ್ 800 2426237. ಆ ಕಂಪನಿ ಸದಸ್ಯ ಹೌದೇ ಅಂತ ಕೇಳಬಹುದು. ಇನ್ನೊಂದು, ಭಾರತದ ಕಾನ್ಸುಲೇಟ್‌ನ ವಾಣಿಜ್ಯ ವಿಭಾಗ. ಇಮೇಲ್ ಬರೆಯುವಾಗ ನಿಮ್ಮ ಐಇಸಿ (ಆಮದು-ರಫ್ತು ಕೋಡ್) ನಂಬರ್, ಆ ಕಂಪನಿಯ ಲೈಸೆನ್ಸ್ ಪ್ರತಿ, ಅವರು ಕೇಳಿದ ಪ್ರಮಾಣ, ಹಣ ಕೊಡುವ ಷರತ್ತು ಎಲ್ಲ ಒಂದೇ ಪತ್ರದಲ್ಲಿ ಹಾಕಿ. "ಇವರು ಹೇಗೆ?" ಅಂತ ಒಂದು ಸಾಲು ಬರೆದರೆ ಯಾರಿಗೂ ಉತ್ತರಿಸಲು ಆಗುವುದಿಲ್ಲ. ವ್ಯಾಪಾರಿ ನಿಜವಾಗಿ ಗಟ್ಟಿ ಇದ್ದರೆ ಅಲ್ ಇತ್ತಿಹಾದ್ ಕ್ರೆಡಿಟ್ ಬ್ಯೂರೋದಿಂದ ತನ್ನದೇ ಕಂಪನಿಯ ಕ್ರೆಡಿಟ್ ವರದಿ ತೆಗೆದು ಕಳಿಸಬಹುದು. ಕೇಳಿ ನೋಡಿ. ಅವನು ಹೇಗೆ ಪ್ರತಿಕ್ರಿಯಿಸುತ್ತಾನೆ ಅನ್ನುವುದರಲ್ಲೇ ಬಹಳಷ್ಟು ಗೊತ್ತಾಗುತ್ತದೆ.

ಮಂಗಳೂರಿನ ಕೆನರಾ ಛೇಂಬರ್ ಆಫ್ ಕಾಮರ್ಸ್‌ನಲ್ಲೂ ವಿಚಾರಿಸಿ. ಕರಾವಳಿಯ ಗೋಡಂಬಿ ವ್ಯಾಪಾರಿಗಳಲ್ಲಿ ಯಾರಾದರೂ ಆ ಹೆಸರಿನವನ ಜೊತೆ ವ್ಯವಹಾರ ಮಾಡಿರುತ್ತಾರೆ. ಒಮ್ಮೆ ಏಟು ತಿಂದವರು ಹೆಸರು ಮರೆಯುವುದಿಲ್ಲ.

ಹಣದ ವಿಷಯದಲ್ಲಿ ಗಟ್ಟಿಯಾಗಿರಿ. ಹೊಸ ಗಿರಾಕಿಗೆ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ (ಗಿರಾಕಿಯ ಬ್ಯಾಂಕೇ ಹಣಕ್ಕೆ ಕೊಡುವ ಭರವಸೆ ಪತ್ರ), ಇಲ್ಲವೇ ಮುಂಗಡ ತೆಗೆದುಕೊಂಡು ಉಳಿದದ್ದು ಬ್ಯಾಂಕಿನಲ್ಲಿ ದಾಖಲೆ ಬಿಡಿಸಿಕೊಳ್ಳುವಾಗ ಕೊಡುವ ಷರತ್ತು. ದಾಖಲೆ ಮೊದಲು ಕೊಟ್ಟು ಹಣ 60 ದಿನಕ್ಕೆ, 90 ದಿನಕ್ಕೆ ಅನ್ನುವುದು ಬೇಡ. ಮುಂದೆ ಸಾಲದ ಮೇಲೆ ಕೊಡಲೇಬೇಕು ಅನ್ನುವ ಹೊತ್ತು ಬಂದರೆ ಇಸಿಜಿಸಿಯ ವಿಮೆ ಮಾಡಿಸಿಯೇ ಕೊಡಿ. ಅದು ರಫ್ತುದಾರರಿಗಾಗಿಯೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಅವರೂ ಖರೀದಿದಾರನನ್ನು ತಮ್ಮ ರೀತಿಯಲ್ಲಿ ಪರೀಕ್ಷಿಸಿ ಮಿತಿ ಹೇಳುತ್ತಾರೆ. ಭಾರತ-ಯುಎಇ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಅದರ ಅಡಿ ಸುಂಕದ ರಿಯಾಯಿತಿಗೆ, ಮಾಲು ಭಾರತದ್ದೇ ಅಂತ ತೋರಿಸುವ ಮೂಲ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಒರಿಜಿನ್) ಬೇಕು. ಅದನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಪಡೆಯಬಹುದು.

ತಮ್ಮ ದುಬೈ ಸೇರಿದ ಮೇಲೆ ಒಂದು ಬೆಳಿಗ್ಗೆ ಆ ಅಂಗಡಿಯ ಕಡೆ ಹೋಗಿ ಬರಲಿ. ಗೋಡೆಯ ಮೇಲೆ ಲೈಸೆನ್ಸ್ ತೂಗುಹಾಕಿದ್ದಾರೆಯೇ, ಗೋದಾಮು ಇದೆಯೇ, ಅಕ್ಕಪಕ್ಕದ ವ್ಯಾಪಾರಿಗಳು ಅವನನ್ನು ಎಷ್ಟು ವರ್ಷದಿಂದ ಬಲ್ಲರು ಅಂತ ಸುಮ್ನೆ ಮಾತಾಡಿಕೊಂಡು ಬರಲಿ. ಆದರೆ ನಿಮ್ಮ ಪರವಾಗಿ ವ್ಯಾಪಾರ ಮಾಡುವುದು, ಹಣ ವಸೂಲಿ ಮಾಡುವುದು ಬೇಡ. ಅವನ ಕೆಲಸದ ಪರ್ಮಿಟ್ ಇರುವುದು ಅವನ ಕಂಪನಿಗೆ ಮಾತ್ರ. ಬೇರೆ ಕೆಲಸ ಮಾಡಬೇಕಾದರೆ ಬೇರೆ ಪರ್ಮಿಟ್ ಬೇಕು. ಆ ವ್ಯಾಪಾರಿಯ ಲೈಸೆನ್ಸ್ ಪ್ರತಿ ಸಿಕ್ಕ ಮೇಲೆ ಏನಾದರೂ ಅರ್ಥವಾಗದಿದ್ದರೆ ನನಗೆ ಮತ್ತೆ ಬರೆಯಿರಿ, ಸಾಲು ಸಾಲಾಗಿ ಓದಿ ಹೇಳುತ್ತೇನೆ.